ಹಂದರದ ಮೊದಲ ಕಂಬ

ಭಾಲ್ಕಿಯ ಅಮೋಸನಿಗೆ ಐವತ್ತೆಂಟು ವರ್ಷ. ಅದರಲ್ಲಿ ನಲವತ್ತು ಟೆಂಟ್ ಹೊಡೆಯುವುದರಲ್ಲೇ ಹೋಗಿವೆ. ಆದರೂ ಬಟ್ಟೆ ಗಾಳಿ ತುಂಬಿಕೊಂಡು ಮೇಲೇಳುವಾಗ ಇಂದಿಗೂ ಬಾಯಿ ತೆರೆದು ನೋಡುತ್ತಾನೆ. ಬೀದರಿನಲ್ಲಿ ಅದರಡಿ ಲಸಿಕೆ ಹಾಕುವವರು ಕುಳಿತರೆ ಅದು ದವಾಖಾನೆ. ಔರಾದದಲ್ಲಿ ಪಾದ್ರಿಗಳು ನಿಂತರೆ ಅದೇ ಚರ್ಚು. ಬಾಸಿಂಗ ಕಟ್ಟಿದರೆ ಮದುವೆ ಮನೆ, ಹೆಣ ಇಳಿಸಿದರೆ ಅಳುವ ಮನೆ. ಟೆಂಟು ಎಂಬ ಆ ಇಂಗ್ಲಿಷ್ ಮಾತಿನ ಹೊಟ್ಟೆಯಲ್ಲಿ ಎಷ್ಟು ಮನೆಗಳಿವೆಯಪ್ಪಾ ಎಂದು ಅವನಿಗೆ ಸೋಜಿಗ. "ನಲವತ್ತೊರ್ಷ ಆತು, ನಿಮ್ಮ ಸೋಜಿಗ ಇನ್ನಾ ಮುಗೀಲಿಲ್ಲೇನ್ರಿ?" ಎಂದು ಹೆಂಡತಿ ರೂತಮ್ಮ ಛೇಡಿಸುತ್ತಾಳೆ.

ಇಂಥ ಅಮೋಸ ಒಂದು ಕಂಬಕ್ಕೆ ಮಾತ್ರ ಕೈ ಹಚ್ಚುವವನಲ್ಲ. ಮದುವೆ ಹಂದರದ ಮೊದಲ ಕಂಬವನ್ನು ಹುಡುಗಿಯ ಸೋದರಮಾವನೇ ನೆಡಬೇಕು. ಆಗ ಅಮೋಸ ದೂರ ಸರಿದು, ತಲೆಯ ರುಮಾಲು ತೆಗೆದು ನಿಲ್ಲುತ್ತಾನೆ.

ಹೋದ ಬೇಸಿಗೆಯಲ್ಲಿ ಭಾತಂಬ್ರಾದ ಗುರಮ್ಮನ ಮಗಳು ಸುವರ್ಣಾಳ ಮದುವೆ. ಟೆಂಟ್ ಅಮೋಸನದೇ. ಗುರಮ್ಮ ಗಂಡನಿಲ್ಲದೆ ಒಬ್ಬಳೇ ಮಗಳನ್ನು ಸಾಕಿದವಳು. ಸೋದರಸೊಸೆ ತನ್ನ ಮಗನಿಗೇ ಸಲ್ಲಬೇಕಿತ್ತೆಂದು ಅವಳ ಅಣ್ಣ ಮಡೆಪ್ಪ ಮುನಿಸಿಕೊಂಡಿದ್ದ. ಮದುವೆಯ ದಿನ ಬಿಸಿಲೇರಿದರೂ ಅವನ ಸುಳಿವಿಲ್ಲ. ಕಂಬ ನೆಡದೆ ಅರಿಶಿನ ಹಚ್ಚುವಂತಿಲ್ಲ. ಗಂಡಿನವರ ಬಸ್ಸು ಔರಾದ ಬಿಟ್ಟಿದೆಯೆಂದು ಫೋನು ಬೇರೆ ಬಂತು. ಮಾವನಿಲ್ಲದ ಹುಡುಗಿ ಎಂದು ಬೀಗರ ಮುಂದೆ ತಲೆ ತಗ್ಗಿಸಬೇಕಲ್ಲ ಎಂದು ಸುವರ್ಣಾ ಬಾಗಿಲ ಹಿಂದೆ ಬಿಕ್ಕುತ್ತಿದ್ದಳು.

ಗುರಮ್ಮ ಅರಿಶಿನದ ದಾರ ಹಿಡಿದು ಸೀದಾ ಅಮೋಸನ ಹತ್ತಿರ ಬಂದಳು. "ಅಣ್ಣಾ, ಕಂಬ ನೀವs ಹಿಡೀರಿ."

ಅಮೋಸ ಹೌಹಾರಿದ. "ಏನ್ ಮಾತಾಡ್ತೀರಿ ಅಕ್ಕಾ! ನಾವು ಚರ್ಚಿಗಿ ಹೋಗೋ ಮಂದಿ. ಕೂಲಿಗಿ ಬಂದಾವ ನಾನು."

"ಇಕಿ ಅಪ್ಪ ಸತ್ತಾಗ ಇಕಿ ಆರ್ತಿಂಗಳ ಕೂಸು. ಅವತ್ತೂ ನಮ್ಮಣ್ಣ ಬಂದಿದ್ದಿಲ್ಲ. ಇದs ಅಂಗಳದಾಗ ನೀವು ಟೆಂಟ್ ಹೊಡದ್ರಿ. ಕೂಸಿನ ಮಾರಿಗಿ ಬಿಸಲು ಬೀಳ್ತದಂತ ಹಗ್ಗ ಬಿಚ್ಚಿ ಮತ್ತ ಕಟ್ಟಿದ್ರಿ. ನಾ ಮರತಿಲ್ರಿ."

ಅಮೋಸನಿಗೆ ಅದೊಂದೂ ನೆನಪಿರಲಿಲ್ಲ. ಸಾವಿರಾರು ಅಂಗಳಗಳಲ್ಲಿ ಅದೂ ಒಂದು. ಎಂದೋ ಬಿಚ್ಚಿಕೊಂಡು ಹೋದ ನೆರಳನ್ನು ಈ ಹೆಂಗಸು ಇಪ್ಪತ್ತೆರಡು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ! ತಾನು ಈವರೆಗೆ ಏನು ಕಟ್ಟುತ್ತ ಬಂದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಕೈಕಾಲು ತೊಳೆದು ಬಂದ. ಗುರಮ್ಮ ಕಂಬಕ್ಕೆ ದಾರ ಸುತ್ತಿದಳು. ನೆರೆದವರಲ್ಲಿ ಯಾರೋ ಗುಸುಗುಸು ಅಂದರು, ಮದುವೆ ಮಾಡಿಸಲು ಬಂದ ಅಯ್ಯನವರು ಕಣ್ಣಿನಲ್ಲೇ ಸುಮ್ಮನಾಗಿಸಿದರು. ಸಾವಿರ ಕಂಬ ನೆಟ್ಟ ಕೈ ಅಂದು ಎರಡು ಸಲ ಗುರಿ ತಪ್ಪಿತು. ಕಂಬ ಮೂರನೆಯ ಸಲಕ್ಕೆ ಕುಣಿಯೊಳಗೆ ಕುಳಿತಿತು.

ಅಕ್ಷತೆ ಬೀಳುವಾಗ ಸುವರ್ಣಾಳ ಬೆನ್ನಿಗೆ ಮಾವನಾಗಿ ನಿಂತವನೂ ಅವನೇ. ಸಂಜೆ ಔರಾದದ ಬಸ್ಸು ಹತ್ತುವ ಮುಂಚೆ ಅವಳು ಅವನ ಕಾಲಿಗೆರಗಿ, "ಮಾಮಾ, ಹೋಗಿ ಬರ್ತೇನ್ರಿ" ಎಂದಳು. ಅಮೋಸ, "ಪಂಚಮಿಗಿ ತವರಿಗಿ ಕರಿಯಾಕ ನಾನs ಬರ್ತೇನಿ, ಅವ್ವಾ" ಎಂದುಬಿಟ್ಟ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ರೂತಮ್ಮ ಕಣ್ಣೊರೆಸಿಕೊಂಡು, ಚರ್ಚಿನವರು ಕೊಟ್ಟ ಕ್ಯಾಲೆಂಡರಿನಲ್ಲಿ ನಾಗರ ಪಂಚಮಿ ಸಿಗದೆ, ಪಕ್ಕದ ಮನೆಯ ಕ್ಯಾಲೆಂಡರ್ ಕೇಳಲು ಹೋದಳು.