ಹಿಂದೆ ಹಾಡುವವಳ ಜಾಗ

ಅಂಬಾರಾಯನಿಗೆ ಸೌಂಡ್ ಸೆಟ್ ಇದೆ ಎಂದರೆ ಕೇಳಿದವರು ಪುಣೆಯ ಬಿಬವೇವಾಡಿಯಲ್ಲಿ ಏನೋ ದೊಡ್ಡ ಅಂಗಡಿಯೇ ಇದ್ದೀತು ಎಂದುಕೊಳ್ಳುತ್ತಾರೆ. ಇರುವುದು ಎರಡು ಸ್ಪೀಕರು, ಎರಡು ಮೈಕು, ಒಂದು ಆಂಪ್ಲಿಫೈಯರು, ಒಂದು ಮಿಕ್ಸರು, ಅಷ್ಟೇ. ಮಿಕ್ಸರನ್ನು ಶಿವಾಜಿನಗರದ ಕಡೆ ಹಳೇ ಸಾಮಾನು ಮಾರುವವನ ಹತ್ತಿರ ಕೊಂಡದ್ದು. ಅದರ ಜೊತೆಗೆ ಬರಬೇಕಾಗಿದ್ದ ಪುಸ್ತಕ ಯಾವ ಕಾಲದಲ್ಲಿ ಎಲ್ಲಿ ಹೋಯಿತೋ. ದನಿಯ ಗುಣ ಬದಲಿಸುವ ಒಂದು ತಿರುಗುಗುಂಡಿ, ಅದರ ಸುತ್ತ ಒಂದರಿಂದ ಹದಿನಾರರವರೆಗೆ ಅಂಕಿ. ಯಾವ ಅಂಕಿಗೆ ಏನಾಗುತ್ತದೆ ಎಂದು ಹೇಳುವವರಿಲ್ಲ.

ಬೇರೆಯವರಾಗಿದ್ದರೆ ಎರಡು ಅಂಕಿ ಕಲಿತು ಹೊಟ್ಟೆ ಹೊರೆದುಕೊಳ್ಳುತ್ತಿದ್ದರು. ಈ ಪುಣ್ಯಾತ್ಮ ಒಂದು ಮಳೆಗಾಲವಿಡೀ ಕಣ್ಣು ಮುಚ್ಚಿ ಕೂತ. ಗುಂಡಿ ತಿರುಗಿಸುವುದು, ಮೈಕಿಗೆ ‘ಹೂಂ’ ಅನ್ನುವುದು, ಆ ‘ಹೂಂ’ ಯಾವ ಜಾಗದಲ್ಲಿ ನಿಂತು ಅಂದಂತಿದೆ ಎಂದು ನೆನಪು ಮಾಡಿಕೊಳ್ಳುವುದು. ಮೂರನೇ ಅಂಕಿ ಅಡಿಗೆಮನೆ. ಐದು ಗುಡಿ. ಎಂಟು, ಕಟ್ಟಿ ಮುಗಿಯದ ಬಿಲ್ಡಿಂಗಿನ ಮೆಟ್ಟಿಲು. ಹನ್ನೊಂದಕ್ಕೆ ತಿರುಗಿಸಿದಾಗ ಮಾತ್ರ ಅವನ ಮೈ ಜುಮ್ಮೆಂದಿತು. ಅದು ಸುರಪುರದ ಕಡೆಯ ಅವನ ಊರಿನ ಬಾವಿ, ಆರು ವರ್ಷದವನಿದ್ದಾಗ ಬಗ್ಗಿ ಕೂಗಿದ್ದು. ಬಿಳಿ ಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆದು ಅಂಟಿಸಿದ. ಇವತ್ತಿಗೂ ಅವನ ಮಿಕ್ಸರಿನ ಮೇಲೆ ‘ಬಾವಿ’ ಎಂದು ಬರೆದಿದೆ.

ಬೆಳಗಿನಿಂದ ಮಧ್ಯಾಹ್ನದವರೆಗೆ ಅವನು ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಚೀಲ ಹೊರುವ ಹಮಾಲ. ಚೀಲಗಳೆಲ್ಲ ಲಾರಿ ಹತ್ತಿ ಶೆಡ್ಡು ಖಾಲಿಯಾದ ಮೇಲೆ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯುತ್ತಾನೆ. ಆ ಸಪ್ಪಳ ತಗಡಿನ ಮಾಡಿಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿ, ಸುಸ್ತಾಗಿ ಇಳಿದು ಬರುವವರೆಗೂ ನಿಂತಿರುತ್ತಾನೆ. ಜೊತೆಯ ಹಮಾಲರು ‘ಯೇಡಾ ಆಹೇ’ ಎಂದು ನಗುತ್ತಾರೆ. ಹೌದು, ಸ್ವಲ್ಪ ಹುಚ್ಚನೇ. ಹಾಗಿರುವುದರಿಂದ ಯಾರಿಗೂ ನಷ್ಟವಾಗಿಲ್ಲ.

ಅವನ ಕಿವಿಗೆ ಈ ಹುಚ್ಚು ಹಿಡಿಸಿದವಳು ಅಕ್ಕ ಯಮನವ್ವ. ತಾಯಿ ಸತ್ತ ವರ್ಷ ತಮ್ಮನ ಕೈ ಹಿಡಿದುಕೊಂಡು, ಗಂಡನ ಜೊತೆ ಪುಣೆಗೆ ಬಂದವಳು ಅವಳು. ಆ ಗಂಡನೂ ಈಗಿಲ್ಲ. ಮೂವತ್ತು ವರ್ಷ ಇಟ್ಟಿಗೆ ಹೊತ್ತಳು. ಹೊರುತ್ತಾ ಹಾಡಿದಳು. ಅವಳ ಜೊತೆಗೆ ಪಕ್ಕದ ಮನೆಯ ಕುಸುಮ. ಸುರಪುರದ ಕಡೆಯ ಹೆಂಗಸರ ಪದ ಒಬ್ಬರೇ ಹಾಡುವಂಥದ್ದಲ್ಲ. ಬೀಸುವ ಕಲ್ಲಿಗೆ ಇಬ್ಬರು ಕೂತಂತೆ ಹಾಡಿಗೂ ಇಬ್ಬರು. ಒಬ್ಬಳು ಸಾಲು ಹೇಳಿ ನಿಲ್ಲಿಸಬೇಕು, ಇನ್ನೊಬ್ಬಳು ಅದೇ ಸಾಲನ್ನು ಹಿಂದಿನಿಂದ ಎತ್ತಿಕೊಳ್ಳಬೇಕು. ಯಮನವ್ವ ಮುಂದೆ, ಕುಸುಮ ಹಿಂದೆ. ಕುಸುಮ ಪ್ರತಿ ಸಾಲಿನ ಕೊನೆಯ ಮಾತು ನುಂಗಿಬಿಡುತ್ತಿದ್ದಳು. ‘ನಮ್ಮ ಕುಸುಮ ಪದದ ಬಾಲ ತಿಂತಾಳ’ ಎಂದು ಯಮನವ್ವ ಚಾಷ್ಟಿ ಮಾಡಿದರೆ ಎಲ್ಲರೂ ನಗುತ್ತಿದ್ದರು, ಕುಸುಮ ಕೂಡ.

ಹೋದ ವರ್ಷ ಮಹಾಶಿವರಾತ್ರಿಯ ಹಿಂದಿನ ದಿನ ಕುಸುಮ ತೀರಿಕೊಂಡಳು. ಅಂದಿನಿಂದ ಯಮನವ್ವ ಒಂದು ಸಾಲೂ ಹಾಡಿಲ್ಲ. ಮನೆಯಲ್ಲಿ ಮಾತಿದೆ, ಬೈಗುಳವಿದೆ, ಪಾತ್ರೆಯ ಸದ್ದಿದೆ, ಹಾಡಿಲ್ಲ. ಅಂಬಾರಾಯನ ಮಟ್ಟಿಗೆ ಮನೆಯ ಗೋಡೆಗಳೇ ಕಿವುಡಾದಂತಾಯಿತು.

ಈಗ ಯಮನವ್ವನ ಮಗಳು ಸೋನಾಲಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಹೆಣ್ಣು ಹಡೆದಿದ್ದಳು. ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕಬೇಕು. ತವರಿನವರು ಪದ ಹೇಳದೆ ಕೂಸು ತೊಟ್ಟಿಲಿಗೆ ಇಳಿಯುವುದಿಲ್ಲ, ಅದು ರೂಢಿ. ಸೋನಾಲಿಯ ಅತ್ತೆ ಶಿವಕಾಂತಾ ಬಂದು ಕೂತು ವಿಚಾರಿಸಿದಳು.

“ಪದಾ ಯಾರು ಹೇಳ್ತಾರ್ರಿ ಬೀಗ್ತಿ?”

“ನಾ ಒಬ್ಬಾಕಿ ಹೆಂಗ ಹೇಳ್ಲಿರಿ? ಹಿಂದ ಎತ್ಗೊಳ್ಳಾಕ ಯಾರದಾರ?” ಎಂದಳು ಯಮನವ್ವ. ಓಣಿಯಲ್ಲಿದ್ದ ಕನ್ನಡದ ಹೆಂಗಸರು ಬೇರೆ ಬೇರೆ ಸೈಟಿಗೆ ಚದುರಿಹೋಗಿದ್ದರು. ಗಂಡಸು ತೊಟ್ಟಿಲ ಪದ ಎತ್ತುವಂತಿಲ್ಲ. ಸೋನಾಲಿ ಮರಾಠಿ ಶಾಲೆಯಲ್ಲಿ ಕಲಿತವಳು, “ನಂಗ ಬರೂದಿಲ್ಲವ್ವ” ಎಂದು ಮುಖ ತಿರುಗಿಸಿದ್ದಳು.

“ಅಷ್ಟ್ಯಾಕ ಚಿಂತಿ? ಫೋನಿನಾಗ ಒಂದು ಜೋಗುಳ ಹಚ್ಚಿದ್ರಾತು. ಹೆಂಗೂ ನಿಮ್ಮ ತಮ್ಮಂದು ಸ್ಪೀಕರ್ ಅದಾವಲ್ರಿ,” ಎಂದಳು ಶಿವಕಾಂತಾ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದಳು. ಯಮನವ್ವ ‘ಹೂಂ’ ಎಂದುಬಿಟ್ಟಳು. ಆ ‘ಹೂಂ’ ಅಂಬಾರಾಯನ ಕಿವಿಗೂ ಬಿತ್ತು. ಇದೊಂದು ಸಲ ಫೋನು ಹಾಡಿತೆಂದರೆ ಅಕ್ಕ ಇನ್ನು ಸಾಯುವವರೆಗೂ ಹಾಡುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

ಮರುದಿನವೇ ಓಂಕಾರ್ ಹತ್ತಿರ ಹೋದ. ಗಣಪತಿ ಮೆರವಣಿಗೆಯಲ್ಲಿ ಕೀಬೋರ್ಡು ಬಾರಿಸುವ ಈ ಓಂಕಾರನ ಹತ್ತಿರ ಒಂದು ಎಕೋ ಪೆಟ್ಟಿಗೆ ಇತ್ತು. ಅಂಗೈಯಗಲ, ಮೂರು ಗುಂಡಿ. ದನಿ ಎಷ್ಟು ಹೊತ್ತು ಬಿಟ್ಟು ಮರಳಿ ಬರಬೇಕು ಎನ್ನುವುದಕ್ಕೆ ಒಂದು, ಎಷ್ಟು ಸಲ ಎನ್ನುವುದಕ್ಕೆ ಇನ್ನೊಂದು, ಎಷ್ಟು ಜೋರಾಗಿ ಎನ್ನುವುದಕ್ಕೆ ಮತ್ತೊಂದು. ಕಾಲಿನಿಂದ ಒತ್ತುವ ಕಡ್ಡಿಯೂ ಇತ್ತು. ಒತ್ತಿ ಹಾಡಿ ಮತ್ತೆ ಒತ್ತಿದರೆ, ಹಾಡಿದ್ದನ್ನು ಹಿಡಿದಿಟ್ಟುಕೊಂಡು ಸಾಕೆನ್ನುವವರೆಗೂ ತಿರುಗಿಸಿ ಹಾಡುತ್ತದೆ.

ಗುರುವಾರ, ಶುಕ್ರವಾರದ ಮಧ್ಯಾಹ್ನಗಳು ಎರವಲು ತಂದ ಆ ಪೆಟ್ಟಿಗೆಯ ಮುಂದೆ ಕರಗಿದವು. ಕೂಸು ನಿದ್ದೆಯಲ್ಲಿ, ಸೋನಾಲಿ ಅರೆನಿದ್ದೆಯಲ್ಲಿ. ಬಾಗಿಲಿನ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ತಮ್ಮನ ಕಾಟ ತಡೆಯಲಾರದೆ ಯಮನವ್ವ ಮೈಕಿನ ಮುಂದೆ ಕೂತು ಒಂದು ಸಾಲು ಎತ್ತಿದಳು:

“ಇಟ್ಟಂಗಿ ಹೊತ್ತ ಕೈ ತೊಟ್ಟೀಲ ತೂಗ್ಯಾವ…”

ವರ್ಷದ ಮೇಲೆ ಆ ದನಿ ಕೇಳಿ ಅಂಬಾರಾಯ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಆರು ಸೆಕೆಂಡು ಬಿಟ್ಟು ಪೆಟ್ಟಿಗೆ ಅದೇ ಸಾಲನ್ನು ಹಿಂದಿನಿಂದ ಎತ್ತಿಕೊಂಡಿತು. ಮಿಕ್ಸರಿನಲ್ಲಿ ಅದನ್ನು ‘ಅಡಿಗೆಮನೆ’ಗೆ ಇಟ್ಟಿದ್ದ, ಚೂಪು ತೆಗೆದು ಮೆತ್ತಗೆ ಮಾಡಿದ್ದ. ಪರದೆಯಾಚೆ ಕುಸುಮಕ್ಕನೇ ಕೂತು ಅಕ್ಕಿ ಆರಿಸುತ್ತಾ ಹಾಡಿದಂತಿತ್ತು. ಆ ಮಂಪರಿನಲ್ಲಿ ಅವನಿಗೂ ಕ್ಷಣಹೊತ್ತು ಹಾಗೇ ಅನ್ನಿಸಿತು.

ಆದರೆ ಎರಡನೇ ಸಾಲಿಗೆ ಕೆಟ್ಟಿತು. ಪೆಟ್ಟಿಗೆಯ ಸಾಲು ಮುಗಿಯುವ ಮೊದಲೇ ಯಮನವ್ವನ ಸಾಲು ಶುರುವಾಗಿ ಎರಡೂ ಗುದ್ದಾಡಿಕೊಂಡವು.

“ಈ ಡಬ್ಬಿಗಿ ರೀತಿ ಗೊತ್ತಿಲ್ಲೋ ತಮ್ಮಾ. ನಾ ಎತ್ತಿದ ಮ್ಯಾಲೂ ಬಾಯಿ ಮುಚ್ಚಂಗಿಲ್ಲ.”

ಅಂಬಾರಾಯ ಹೊತ್ತಿನ ಗುಂಡಿಯನ್ನು ಒಂದು ಕೂದಲೆಳೆ ತಿರುಗಿಸಿದ. ಮತ್ತೆ ಗುದ್ದಾಟ. ಇನ್ನೊಂದು ಎಳೆ ಹಿಂದಕ್ಕೆ. ಹಾಗೇ. ಕೊನೆಗೆ ಒಂದು ಉಪಾಯ ಹೊಳೆಯಿತು: ಪೆಟ್ಟಿಗೆಯ ಸಾಲು ಮುಗಿಯುವ ಹೊತ್ತಿಗೆ ಜೋರಿನ ಗುಂಡಿಯನ್ನು ಮೆಲ್ಲಗೆ ಇಳಿಸಿ, ಸಾಲಿನ ಬಾಲ ತಿಂದುಹಾಕಿದ, ಥೇಟ್ ಕುಸುಮಳ ಹಾಗೆ. ಆಗ ಎಲ್ಲ ಕೂಡಿಬಂತು. ಯಮನವ್ವ ಅರಳಿದಳು. “ಹಾಂ, ಈಗ ನೋಡು. ಇದು ಕುಸುಮಾನ ಬರೊಬ್ಬರಿ.”

ಅಂಬಾರಾಯ ಮಾತ್ರ ಆ ರಾತ್ರಿ ಪೆಟ್ಟಿಗೆಯ ಮುಂದಿನಿಂದ ಏಳಲಿಲ್ಲ. ಕೈಯಿಂದ ಗುಂಡಿ ಇಳಿಸಿದವನಿಗೆ ಒಂದು ವಿಷಯ ಗೊತ್ತಾಗಿಬಿಟ್ಟಿತ್ತು. ಅಕ್ಕ ಹಿಂದಿನವಳಿಗೆ ಸಾಲು ಮುಗಿಸಲು ಬಿಡುವುದೇ ಇಲ್ಲ. ಹೇಳಿದರೆ ಅಕ್ಕ ಮತ್ತೆ ಬಾಯಿ ಮುಚ್ಚಿಬಿಟ್ಟಾಳು. ಹೇಳದೆ ಭಾನುವಾರ ಗುಂಡಿ ಇಳಿಸುತ್ತಾ ಕೂತರೆ ಎಲ್ಲ ಸುಸೂತ್ರ, ಯಾರಿಗೂ ತಿಳಿಯದು. ಆದರೆ ಇಡೀ ಓಣಿ ಮೂವತ್ತು ವರ್ಷ ಕುಸುಮಕ್ಕನನ್ನು ನೋಡಿ ನಕ್ಕಿತ್ತು. ತಾನೂ ನಕ್ಕಿದ್ದ.

ಶನಿವಾರ ಮಧ್ಯಾಹ್ನ ಅವನು ಸ್ಪೀಕರಿನ ದನಿ ಪೂರ್ತಿ ಇಳಿಸಿ ಹೇಳಿದ, “ಅಕ್ಕಾ, ಕುಸುಮಕ್ಕ ಇಲ್ಲೇ ಕುಂತಾಳಂತ ತಿಳಕೊಂಡು ನಾಕು ಸಾಲು ಹೇಳು.” ಕಾಲಿನಿಂದ ಕಡ್ಡಿ ಒತ್ತಿದ.

ಯಮನವ್ವ ಕಣ್ಣು ಮುಚ್ಚಿದಳು. ಒಂದು ಸಾಲು ಹೇಳಿದಳು, ಮೂವತ್ತು ವರ್ಷ ಎಷ್ಟು ಹೊತ್ತು ಸುಮ್ಮನಿರುತ್ತಿದ್ದಳೋ ಅಷ್ಟೇ ಹೊತ್ತು ಸುಮ್ಮನಿದ್ದು ಮುಂದಿನ ಸಾಲು ಎತ್ತಿದಳು. ನಾಲ್ಕಾದ ಮೇಲೆ ಅವನು ಮತ್ತೆ ಕಡ್ಡಿ ಒತ್ತಿ, ದನಿ ಏರಿಸಿದ.

“ಈಗ ನೀ ಕುಸುಮಕ್ಕನ ಜಾಗಾದಾಗ ಕೂಡು. ನಿನ್ನ ಹಿಂದ ನೀನ ಹಾಡು.”

“ಇದೇನು ಆಟನೋ?” ಎಂದು ನಗುತ್ತಲೇ ಯಮನವ್ವ ತನ್ನ ದನಿಯ ಹಿಂದೆ ಹೊರಟಳು. ಮೊದಲ ಸಾಲಿನ ಕೊನೆಯ ಮಾತು ಬಾಯಲ್ಲಿರುವಾಗಲೇ ಮುಂದಿನ ಸಾಲು ಬಂದು ಹಾಯ್ದಿತು. ಎರಡನೆಯದಕ್ಕೆ ಅವಸರ ಮಾಡಿದಳು, ಕೊನೆಯ ಮಾತು ನುಂಗಿಹೋಯಿತು. ಮೂರನೆಯದಕ್ಕೆ ಉಸಿರೇ ಸಿಗಲಿಲ್ಲ. ಪೆಟ್ಟಿಗೆಗೆ ಕರುಣೆಯಿಲ್ಲ, ಸುತ್ತು ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿತು. ಯಮನವ್ವ ಬಾಯಿ ತೆರೆದುಕೊಂಡು, ಸೆರಗಿನಿಂದ ಎದೆ ಒತ್ತಿಕೊಂಡು, ತನ್ನ ದನಿ ತನ್ನನ್ನು ಬಿಟ್ಟು ಮುಂದೆ ಮುಂದೆ ಹೋಗುವುದನ್ನು ಕೇಳುತ್ತಾ ಕೂತಳು.

ಕೊನೆಗೆ ಹೇಳಿದಳು, “ಬಂದ್ ಮಾಡಪಾ.”

ಅವನು ಬಂದ್ ಮಾಡಿದ.

“ಮೂವತ್ತು ವರ್ಷ, ಅಂಬಾರಾಯ. ಒಂದು ಉಸಿರು ತಗೊಳ್ಳಾಕ ಜಾಗಾ ಕೊಟ್ಟಿಲ್ಲ ನಾ ಅಕಿಗಿ. ಮ್ಯಾಲಿಂದ ಬಾಲ ತಿಂತಾಳಂತ ನಗತಿದ್ದೆ.” ಅವಳು ಅಳಲಿಲ್ಲ. ಗೋಡೆ ನೋಡುತ್ತಾ, “ಒಮ್ಮಿನೂ ಅನ್ನಲಿಲ್ಲ ನೋಡು ಹುಚ್ಚಿ,” ಎಂದಳು. ಅಂಬಾರಾಯನಿಗೆ ತಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ.

ಭಾನುವಾರ ಮನೆ ತುಂಬ ಜನ. ತೊಟ್ಟಿಲಿಗೆ ಚೆಂಡುಹೂವು ಸುತ್ತಿತ್ತು. ಶಿವಕಾಂತಾ ಫೋನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು. ಅಂಬಾರಾಯ ಪೆಟ್ಟಿಗೆಗೆ ತಂತಿ ಸಿಕ್ಕಿಸುತ್ತಿದ್ದಾಗ ಯಮನವ್ವ ಬಂದು ಮೈಕಿನ ಮುಂದೆ ನಿಂತಳು.

“ಆ ಡಬ್ಬಿ ತಗೀ. ಎಕೋನೂ ಬ್ಯಾಡ, ಗುಡೀನೂ ಬ್ಯಾಡ, ಬಾವೀನೂ ಬ್ಯಾಡ. ಬರೇ ದನಿ ಇರ್ಲಿ.”

ಅವನು ಎಲ್ಲವನ್ನೂ ಸೊನ್ನೆಗೆ ತಂದ. ಅವಳು ಹಾಡಿದಳು, “ಇಟ್ಟಂಗಿ ಹೊತ್ತ ಕೈ ತೊಟ್ಟೀಲ ತೂಗ್ಯಾವ…” ಹಾಡಿ, ನಿಲ್ಲಿಸಿದಳು.

ಆರು ಸೆಕೆಂಡು ಆಯಿತು. ಹತ್ತಾಯಿತು. ಸೌಂಡಿನವನಿಗೆ ಖಾಲಿ ಮೈಕಿಗಿಂತ ದೊಡ್ಡ ಹಿಂಸೆಯಿಲ್ಲ. ಅಂಬಾರಾಯನ ಬೆರಳುಗಳು ಗುಂಡಿಯ ಮೇಲೆ ಚಡಪಡಿಸಿದವು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಮರೆತಳೇನೋ ಎಂದುಕೊಂಡು ಶಿವಕಾಂತಾ ಫೋನಿನ ಪರದೆ ಒತ್ತಿ ಜೋಗುಳ ಹುಡುಕತೊಡಗಿದಳು. ಯಮನವ್ವ ಮರೆತಿರಲಿಲ್ಲ. ಸುಮ್ಮನೆ, ನೆಮ್ಮದಿಯಿಂದ, ಜಾಗ ಬಿಟ್ಟು ನಿಂತಿದ್ದಳು.

ಆಗ ತೊಟ್ಟಿಲ ಪಕ್ಕದಿಂದ, ಕೂಸನ್ನು ಎದೆಗೆ ಹಿಡಿದಿದ್ದ ಸೋನಾಲಿ ತಲೆ ಎತ್ತದೆಯೇ ಸಾಲು ಎತ್ತಿಕೊಂಡಳು. ಮೈಕಿಲ್ಲ. ಹೆದರಿದ, ಮರಾಠಿ ನಾಲಿಗೆಯ ಕನ್ನಡ. ‘ಇಟ್ಟಂಗಿ’ ಎಂದು ಒಮ್ಮೆ ತಡವರಿಸಿ, ನಡುವೆ ನಿಂತು, ಮತ್ತೆ ಹಿಡಿದು, ಕೊನೆಯ ಮಾತನ್ನು ಪೂರ್ತಿ ಹಾಡಿದಳು. ಅಂಬಾರಾಯ ಗುಂಡಿಯ ಮೇಲಿನ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡ.

ಮಗಳು ಸಾಲು ಮುಗಿಸಿ ಎದೆ ತುಂಬ ಉಸಿರು ಎಳೆದುಕೊಳ್ಳುವವರೆಗೂ ಯಮನವ್ವ ಎರಡನೆಯ ಸಾಲು ಎತ್ತಲಿಲ್ಲ.