ದ್ರಾಕ್ಷಿ ತೊಟ್ಟಿಗೆ ಇಳಿಯುವ ಮುನ್ನ

ದೊಡ್ಡಬಳ್ಳಾಪುರದ ಹೊರಗಿನ ಒಂದು ದ್ರಾಕ್ಷಿ ತೋಟದಲ್ಲಿ ಫ್ರೆಂಚ್ ಊಟ, ವೈನ್‌ಗಳ ಉತ್ಸವ. ಚೀಸ್ ತಿಂದು ಮುಗಿಸಿ, ವೈನಿಗೆ ಹಣ್ಣು ತುಳಿಯುವ ಮರದ ತೊಟ್ಟಿಯ ಮುಂದೆ ಸಾಲಿನಲ್ಲಿ ನಿಂತೆ. ತೊಟ್ಟಿಗೆ ದ್ರಾಕ್ಷಿ ಸುರಿಯುತ್ತಿದ್ದವರು ಅಲ್ಲೇ ಹತ್ತಿರದ ಮಧುರೆ ಹಳ್ಳಿಯ ವೆಂಕಟಮ್ಮ. ನಾನು ಕಾಲೆತ್ತುತ್ತಲೇ ತಡೆದರು.

"ತಿನ್ನೋದನ್ನ ತುಳೀಬಾರ್ದಾ?" ಎಂದೆ.

"ತುಳೀರಿ. ಕಣದಾಗೆ ನಾವು ರಾಗಿ ತುಳಿಯಲ್ವಾ? ಮುಟ್ಟಿ ಕಣ್ಣಿಗೊತ್ಕೊಂಡು ಇಳೀರಿ, ಅಷ್ಟೆ."

ಹಾಗೆಯೇ ಮಾಡಿ ಇಳಿದೆ. ಹಿಂದಿದ್ದ ಫ್ರೆಂಚ್ ಬಾಣಸಿಗ ಇದೂ ವೈನ್ ಮಾಡುವ ಕ್ರಮವೆಂದುಕೊಂಡನೋ ಏನೋ, ದ್ರಾಕ್ಷಿ ಮುಟ್ಟಿ ಗಂಭೀರವಾಗಿ ಇಂಗ್ಲಿಷಿನಲ್ಲಿ ಕೇಳಿದ: "ಮೊದಲು ಎಡಗಣ್ಣೋ, ಬಲಗಣ್ಣೋ?"

ಹುಟ್ಟಿದಾಗಿನಿಂದ ಒತ್ತಿಕೊಂಡು ಬಂದವಳಾದರೂ ನಾನು ವೆಂಕಟಮ್ಮನನ್ನೇ ಕೇಳಿದೆ. ಅವರು ಬುಟ್ಟಿ ಇಳಿಸಿ, ಒಂದು ಹಣ್ಣು ಮುಟ್ಟಿ, ತಮ್ಮ ಕೈ ಯಾವ ಕಣ್ಣಿಗೆ ಹೋಗುತ್ತದೆಂದು ಕಾದು ನೋಡಿದರು.