ಅಮ್ಮನದು ಯಾವ ಟೈಪ್?

"ಡಾಕ್ಟ್ರೇ, ಈ ವ್ಯಾಕ್ಸಿನ್‌ನಲ್ಲಿ ನನ್ನ ಅಮ್ಮನ ವೈರಸ್ ಉಂಟಾ?"

ಕಳೆದ ವಾರ ಪುತ್ತೂರಿನ ಕ್ಲಿನಿಕ್ಕಿನಲ್ಲಿ ಹೀಗೆ ಕೇಳಿದ್ದು ಶ್ರಾವ್ಯ. ಶ್ರಾವ್ಯ ನನ್ನ ಅಕ್ಕನ ಮಗಳು, ಡಿಗ್ರಿ ಓದುತ್ತಿದ್ದಾಳೆ. ಅಕ್ಕ ಗರ್ಭಕಂಠದ ಕ್ಯಾನ್ಸರಿನಲ್ಲಿ ಹೋದಳು. ಅದನ್ನು ತರುವುದು ಹೆಚ್‌ಪಿವಿ ಅನ್ನುವ ವೈರಸ್. ಅದಕ್ಕೀಗ ಲಸಿಕೆ ಉಂಟು. ಹಾಕಿಸಲಿಕ್ಕೇ ಹೋದದ್ದು.

(ಹೊರಡುವಾಗಲೇ ಕಾಣಿಯೂರಿನಿಂದ ಅವಳ ಅಜ್ಜಿಯ, ಅಂದರೆ ಅಕ್ಕನ ಅತ್ತೆಯ ಫೋನ್. "ಮದುವೆ ಆಗದ ಹುಡುಗಿಗೆ ಆ ಇಂಜೆಕ್ಷನ್ ಎಂತಕ್ಕೆ ಮಾರಾಯ್ತಿ?" ಮದುವೆಗೆ ಮೊದಲೇ ಹಾಕಿಸುದು ಒಳ್ಳೆದು ಅಂದೆ. ಫೋನ್ ಕಟ್.)

ಡಾಕ್ಟರು ನಗಲಿಲ್ಲ. ಈ ವೈರಸ್ಸಿನಲ್ಲಿ ತುಂಬ ಟೈಪ್ ಉಂಟಂತೆ. ಹೆಚ್ಚು ಅಪಾಯದವಕ್ಕೆ ಲಸಿಕೆ. "ಲಸಿಕೆಯಲ್ಲಿ ಇಲ್ಲದ, ಅವುಗಳ ಹತ್ತಿರದ ಸಂಬಂಧದ ಕೆಲವು ಟೈಪನ್ನೂ ಇದು ಸ್ವಲ್ಪ ಮಟ್ಟಿಗೆ ತಡೀಬಹುದು. ಆದ್ರೆ ಅದನ್ನೇ ನಂಬಿ ಕೂರ್ಬೇಡ, ಮುಂದೆ ಟೆಸ್ಟ್ ಮಾಡಿಸ್ಲೇಬೇಕು. ಅಮ್ಮನದು ಯಾವ ಟೈಪ್ ಅಂತ ಗೊತ್ತುಂಟಾ?"

ಶ್ರಾವ್ಯ ನನ್ನ ಮುಖ ನೋಡಿದಳು. ನನಗೆಲ್ಲಿ ಗೊತ್ತು?

ಹೇಳದ ಕೆಲಸವನ್ನೂ ಮಾಡುವ ಲಸಿಕೆ. ಅಕ್ಕನದೂ ಅದೇ ಬುದ್ಧಿ. ಮಗಳಿಗೆ ಜಡೆ ಹಾಕಲು ಕೂತರೆ ಪಕ್ಕದ ಮನೆಯ ಆಯಿಷಾಳ ಮಗಳನ್ನೂ ಕರೆದು ಎಣ್ಣೆ ಹಚ್ಚಿ ಬಾಚುವವಳು. ನಾನು ಹೋದರೆ ನನ್ನ ತಲೆಯೂ ಅವಳ ವಶ. ಆ ಕೈ ಒಮ್ಮೆ, ಒಂದೇ ಒಮ್ಮೆ, ಪುನಃ ಸಿಗಬಾರದಾ ಅನಿಸುತ್ತದೆ.

ಅಕ್ಕನ ಗಂಡನ ಮನೆಯಲ್ಲಿ ಮುಟ್ಟಾದವರು ಹೊರಗೆ ಕೂರುದು ಕ್ರಮ. ಅಕ್ಕನಿಗೆ ತಿಂಗಳ ನಡುವೆಯೂ ರಕ್ತ ಹೋಗತೊಡಗಿತು. ಆಗೆಲ್ಲ ಹಿಂದಿನ ಜಗಲಿ, ಬೇರೆ ಚಾಪೆ, ಬೇರೆ ತಟ್ಟೆ. "ಪುನಃ ಹೊರಗೆಯಾ? ಪೂಜೆಯ ಅಡುಗೆ ಯಾರು ಮಾಡುದು?" ಅಜ್ಜಿಯ ಚಿಂತೆ ಅದು. ಕಾಯಿಲೆಯನ್ನು ಇಡೀ ಮನೆ ಮೈಲಿಗೆ ಅಂತಲೇ ತಿಳಿಯಿತು. ಆಸ್ಪತ್ರೆ ಮುಟ್ಟುವಾಗ ತಡವಾಗಿತ್ತು.

ಚುಚ್ಚಿಸಿಕೊಂಡ ಶ್ರಾವ್ಯ ತೋಳು ಉಜ್ಜಿಕೊಳ್ಳುತ್ತಾ ಮೆಲ್ಲಗೆ, "ಅಮ್ಮನದನ್ನೂ ತಡೀಬಹುದು ಅಲ್ವಾ ಚಿಕ್ಕಮ್ಮ?" ಅಂದಳು.

"ತಡೀಬಹುದು" ಅಂದೆ. (ಒಂದು 'ಬಹುದು'ಗೆ ಇಷ್ಟು ಜೋತುಬಿದ್ದದ್ದು ಇದೇ ಮೊದಲು.)

ಸಂಜೆ ಪುನಃ ಅಜ್ಜಿಯ ಫೋನ್. ಇಂಜೆಕ್ಷನ್ ನೋವಾಯಿತಾ ಅಂತಲೂ ಇಲ್ಲ. "ನಾಳೆ ಪೂಜೆ ಉಂಟು. ಹುಡುಗಿ ಒಳಗೆಯಾ, ಹೊರಗೆಯಾ?"

ಹೊರಗೆ ಕೂತವಳನ್ನು ಮುಟ್ಟಬಾರದು, ಸರಿ; "ನಿನಗೆ ಎಂತ ಆಗ್ತಾ ಉಂಟು?" ಅಂತ ಕೇಳಬಾರದು ಎಂದು ಯಾವ ಶಾಸ್ತ್ರದಲ್ಲಿ ಉಂಟು ಮಾರಾಯ್ರೆ?